ಸ್ವಯಂಸೇವಕ ಸಂಗೀತ ಮಾಸ್ತರ: ಬಳಸುವ ವಿಧಾನ

ನಾಗಪುರ ಸೀಮೆಯ ಗ್ರಾಮಸ್ಥರೆ, ನಿಮ್ಮೂರ ಮಕ್ಕಳ ಬೇಸಿಗೆ ಶಿಬಿರಕ್ಕೆಂದು ಧಾರವಾಡದಿಂದ ಒಬ್ಬ ಸಂಗೀತ ಮಾಸ್ತರನನ್ನು ಪುಕ್ಕಟೆಯಾಗಿ ತರಿಸಿಕೊಂಡಿದ್ದೀರಿ. ಅಭಿನಂದನೆ. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಕೈಪಿಡಿ ಕನ್ನಡದಲ್ಲಿದೆ, ನಿಮಗೆ ಕನ್ನಡ ಬಾರದು. ಇದು ದೋಷವಲ್ಲ. ನಮ್ಮ ಮನೆಯ ಮಿಕ್ಸರಿನ ಕೈಪಿಡಿಯೂ ನಮಗೆ ಬಾರದ ಭಾಷೆಯಲ್ಲೇ ಇದೆ, ಆದರೂ ದಿನಾ ಚಟ್ನಿ ಆಗುತ್ತದೆ. ಅಲ್ಲದೆ ಮರಾಠಿಯಲ್ಲಿ ‘ಕಾನಡಿ’ ಎಂದರೆ ನಮ್ಮ ಭಾಷೆ ಎಂದೂ ಆಗುತ್ತದೆ, ತಿಳಿಯದ ಮಾತು ಎಂದೂ ಆಗುತ್ತದೆ. ಈ ಕೈಪಿಡಿ ಎರಡೂ ಅರ್ಥಕ್ಕೆ ಬದ್ಧ.

ಪೆಟ್ಟಿಗೆಯೊಳಗೆ ಏನೇನಿದೆ

ಮಾಸ್ತರ, ಒಂದು. ವಯಸ್ಸು ಐವತ್ತರ ಆಚೀಚೆ. ಪೇಟಿ, ಒಂದು. ಹಾರ್ಮೋನಿಯಂಗೆ ಧಾರವಾಡದಲ್ಲೂ ಪೇಟಿ ಎನ್ನುತ್ತೇವೆ, ನಿಮ್ಮಲ್ಲೂ ಪೇಟಿಯೇ, ಹಾಗಾಗಿ ಇಷ್ಟಕ್ಕೆ ಅನುವಾದ ಬೇಡ. ತಬಲಾ ಡಗ್ಗಾ ಒಂದು ಜೋಡಿ, ಸುತ್ತಿಗೆ ಸಮೇತ. ತಂಬೂರಿ, ಹಳೆಯ ದುಪ್ಪಟಿಯಲ್ಲಿ ಸುತ್ತಿದ್ದು. ಸಂಗೀತ ವಿಶಾರದ ಪ್ರಮಾಣಪತ್ರ, ಲ್ಯಾಮಿನೇಷನ್ ಮಾಡಿಸಿದ್ದು. ಯಾರೂ ಕೇಳುವುದಿಲ್ಲ, ಮಾಸ್ತರನೇ ತೆಗೆದು ತೋರಿಸುತ್ತಾನೆ, ನೋಡಿ ‘ವಾ’ ಅಂದರೆ ಸಾಕು. ಗಂಟಲಿಗೆ ಜ್ಯೇಷ್ಠಮಧು, ಒಂದು ಪೊಟ್ಟಣ. ಕಿವಿ, ಎರಡು. ಇವು ಕಾರ್ಖಾನೆಯಿಂದ ಬರುವಾಗಲೇ ಮುಚ್ಚಿಕೊಂಡಿರುತ್ತವೆ. ತೆರೆಯುವ ಕ್ರಮವನ್ನು ಮುಂದೆ ಹೇಳಿದೆ. ಬಲವಂತ ಮಾಡಬೇಡಿ, ಮುರಿದೀತು.

ಸಾಗಣೆ

ಧಾರವಾಡದಿಂದ ಮಿರಜಕ್ಕೆ ಒಂದು ಗಾಡಿ. ಅಲ್ಲಿಂದ ಕೊಲ್ಹಾಪುರ–ಗೋಂದಿಯಾ ಮಹಾರಾಷ್ಟ್ರ ಎಕ್ಸ್‌ಪ್ರೆಸ್. ಮಿರಜದಲ್ಲಿ ಗಾಡಿ ಬದಲಿಸುವಾಗ ತಂಬೂರಿಗೆ ತವರಿನ ಗಾಳಿ ತಾಗುತ್ತದೆ, ಏಕೆಂದರೆ ಅದು ಹುಟ್ಟಿದ್ದೇ ಆ ಊರಿನ ಓಣಿಯಲ್ಲಿ. ಪಂಢರಪುರದ ಸುತ್ತಿನ ಹೊಲಗಳಲ್ಲಿ ಬೆಳೆದು ಒಣಗಿದ ಬುರುಡೆ ಮಿರಜಕ್ಕೆ ಬಂದು ತಂಬೂರಿಯಾಗುತ್ತದೆ. ಅಲ್ಲಿನ ಸಿತಾರು, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮುದ್ರೆಯೂ ಬಿತ್ತು. ಗಾಡಿ ಹತ್ತಿದ ಮೇಲೆ ತಂಬೂರಿ ಬರ್ತಿನ ಮೇಲೆ ಮಲಗುತ್ತದೆ, ಮಾಸ್ತರ ಅದರ ಕಾಲದೆಸೆಯಲ್ಲಿ ಕೂತು ತೂಕಡಿಸುತ್ತಾನೆ. ಒಂದು ಹಗಲು ಒಂದು ರಾತ್ರಿ ಹೀಗೇ.

ಬೇಸರ ಕಳೆಯಲು ಅವನು ಎದುರಿನವರಿಗೆ ಒಂದು ಕತೆ ಹೇಳುತ್ತಾನೆ. ಗದುಗಿನ ಹನ್ನೊಂದು ವರ್ಷದ ಹುಡುಗನೊಬ್ಬ 1933ರಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಉತ್ತರಕ್ಕೆ ಹೊರಟ. ಟಿಕೆಟ್ಟಿಗೆ ದುಡ್ಡಿಲ್ಲದೆ ಗಾಡಿಯಲ್ಲಿ ಹಾಡಿಕೊಂಡೇ ಹೋದ. ಮುಂದೆ ಭೀಮಸೇನ ಜೋಶಿಯಾದ. ಕತೆ ನಿಜವೇ. ಆದರೆ ಆ ಹುಡುಗ ಹೋದದ್ದು ಕಲಿಯಲಿಕ್ಕೆ. ಈ ಮಾಸ್ತರ ಹೊರಟಿರುವುದು ಕಲಿಸಲಿಕ್ಕೆ, ಅದೂ ಕಾಯ್ದಿರಿಸಿದ ಬರ್ತಿನಲ್ಲಿ. ಈ ವ್ಯತ್ಯಾಸ ಗಾಡಿಯಲ್ಲಿ ಅವನ ಗಮನಕ್ಕೆ ಬರುವುದಿಲ್ಲ.

ಅಳವಡಿಕೆ

ನಾಗಪುರದಲ್ಲಿ ಇಳಿಸಿಕೊಳ್ಳಿ. ಕಾಮಠಿ ದಾಟಿಸಿ, ಕನ್ಹಾನ್ ನದಿ ದಾಟಿಸಿ, ರಾಮಟೇಕದ ದಾರಿಯಲ್ಲಿರುವ ನಿಮ್ಮೂರಿಗೆ ತನ್ನಿ. ಜಿಲ್ಲಾ ಪರಿಷತ್ ಶಾಲೆಯ ಪಡಸಾಲೆಯಲ್ಲಿ, ಗೋಡೆಗೆ ಬೆನ್ನು ಮಾಡಿ, ಜಮಖಾನೆಯ ಮೇಲೆ ಕೂರಿಸಿ. ಮೊದಲ ಪ್ರಶ್ನೆಯನ್ನು ಊರಿನ ಹಿರಿಯರೊಬ್ಬರು ಕೇಳಲಿ.

ಎಚ್ಚರಿಕೆ: ನಿಮ್ಮ ವರ್ಹಾಡಿ ಮಾತಿನಲ್ಲಿ ‘ಕಾಊನ್’ ಎಂದರೆ ‘ಯಾಕೆ’. ಹಿಂದಿ ಸಿನಿಮಾ ನೋಡಿ ಭಾಷೆ ಕಲಿತ ಮಾಸ್ತರನ ಕಿವಿಗೆ ಅದು ‘ಕೌನ್’ ಎಂದು ಬೀಳುತ್ತದೆ, ಅಂದರೆ ‘ಯಾರು’. ಆ ಹಿರಿಯರು, ಕಾಕಾಜಿ, ಕೇಳಿದ್ದು, ಇಷ್ಟು ದೂರದಿಂದ ಈ ಬಿಸಿಲಲ್ಲಿ ಯಾಕೆ ಬಂದಿರಿ ಎಂದು. ನಾನು ಹೇಳಿದ್ದು ನನ್ನ ಹೆಸರು, ಅಪ್ಪನ ಹೆಸರು, ಊರು, ಗುರುಗಳ ಹೆಸರು, ಘರಾಣೆ. ಅವರು ಸಮಾಧಾನದಿಂದ ಎಲ್ಲ ಕೇಳಿ, ‘ಹೋ ಜೀ, ಪಣ್ ಕಾಊನ್?’ ಅಂದರು. ನಾನು ಗುರುಗಳ ಗುರುಗಳ ಹೆಸರು ಹೇಳಿದೆ. ಅವರು ಪಕ್ಕದವರ ಮುಖ ನೋಡಿದರು. ನಾನು ಇನ್ನೂ ಒಂದು ತಲೆಮಾರು ಹಿಂದಕ್ಕೆ ಹೋಗಿ ಅಬ್ದುಲ್ ಕರೀಂ ಖಾನರವರೆಗೆ ಮುಟ್ಟಿದಾಗ ಯಾರೋ ಪುಣ್ಯಾತ್ಮರು ಚಹಾ ತಂದರು.

(ಮೇಲೆ ಮಾಸ್ತರ ಎಂದೂ ಇಲ್ಲಿ ನಾನು ಎಂದೂ ಬರೆದದ್ದು ಅಚ್ಚಿನ ತಪ್ಪಲ್ಲ. ಉಪಕರಣದ ಕೈಪಿಡಿಯನ್ನು ಉಪಕರಣವೇ ಬರೆದರೆ ಹೀಗಾಗುತ್ತದೆ.)

ಎಷ್ಟು ಡಿಗ್ರಿಯವರೆಗೆ ಬಳಸಬಹುದು

ಧಾರವಾಡದ ಮಾಲು ಮೂವತ್ತೆಂಟು ಡಿಗ್ರಿಗೆ ‘ಅಬ್ಬಬ್ಬಾ’ ಅನ್ನತೊಡಗುತ್ತದೆ. ನಿಮ್ಮಲ್ಲಿ ಮೇ ತಿಂಗಳೆಂದರೆ ನಲವತ್ತೈದು ದಿನಚರಿಯ ಮಾತು. ಅದರ ಮೇಲೆ ಸೂರ್ಯ ರೋಹಿಣಿಗೆ ಬಂದ ಮೇಲಿನ ಒಂಬತ್ತು ದಿನ, ನವತಪಾ. 2024ರ ಮೇ ಕೊನೆಯಲ್ಲಿ ನಾಗಪುರದ ಒಂದು ಸ್ವಯಂಚಾಲಿತ ಮಾಪಕ 56 ಡಿಗ್ರಿ ತೋರಿಸಿತು. ಸೆನ್ಸರು ಕೆಟ್ಟಿದೆ ಎಂದು ಹವಾಮಾನ ಇಲಾಖೆ ಸ್ಪಷ್ಟೀಕರಣ ಕೊಟ್ಟಿತು. ಆ ಯಂತ್ರದ ಮೇಲೆ ನನಗೆ ಮರುಕವಿದೆ. ಆ ಬಿಸಿಲಲ್ಲಿ ಹೊರಗೆ ನಿಂತಿದ್ದರೆ ನಾನೂ ಏನಾದರೂ ಒಂದು ಅಂಕಿ ಹೇಳುತ್ತಿದ್ದೆ.

ಆದ್ದರಿಂದ ಮಾಸ್ತರನನ್ನು ಬೆಳಗ್ಗೆ ಆರರಿಂದ ಒಂಬತ್ತರವರೆಗೆ, ಸಂಜೆ ಆರರ ನಂತರ ಮಾತ್ರ ಚಾಲೂ ಮಾಡಿ. ಹೊರಗೆ ಒಯ್ಯುವಾಗ ತಲೆಗೆ ಬಿಳಿ ದುಪಟ್ಟಾ ಸುತ್ತಿ, ಅಂಗಿಯ ಕಿಸೆಯಲ್ಲೊಂದು ಉಳ್ಳಾಗಡ್ಡಿ ಇಡಿ. ಲೂ ಗಾಳಿಗೆ ಅದು ಮದ್ದೆಂದು ನಿಮ್ಮ ಹಿರಿಯರ ನಂಬಿಕೆ. ವೈದ್ಯರು ಏನನ್ನುತ್ತಾರೋ, ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡವನು ತನ್ನನ್ನು ಬಹಳ ದೊಡ್ಡ ಕಲಾವಿದ ಎಂದುಕೊಳ್ಳಲಾರ ಎಂಬ ಲಾಭವಂತೂ ಖಚಿತ. ಮಧ್ಯಾಹ್ನಕ್ಕೊಮ್ಮೆ ಮಾವಿನಕಾಯಿ ಪನ್ಹೆ ಎರೆಯಿರಿ.

ಬಿಸಿಲಿನಲ್ಲಿ ವಾದ್ಯಗಳು ಒಂದೊಂದೂ ಒಂದೊಂದು ದಿಕ್ಕಿಗೆ ಹೊರಡುತ್ತವೆ. ತಬಲಾದ ಚರ್ಮ ಒಣಗಿ ಬಿಗಿದು ಸ್ವರ ಮೇಲೇರುತ್ತದೆ. ತಂಬೂರಿಯ ತಂತಿ ಕಾದು ಸಡಿಲಾಗಿ ಸ್ವರ ಕೆಳಗಿಳಿಯುತ್ತದೆ. ಪೇಟಿಯ ಹಿತ್ತಾಳೆ ರೀಡು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ನಡುವೆ ಮಾಸ್ತರ ಸುತ್ತಿಗೆ ಹಿಡಿದು, ಗಂಡ ಹೆಂಡತಿ ಅತ್ತೆಯ ಜಗಳ ಬಿಡಿಸುವವನಂತೆ ಕೂತಿರುತ್ತಾನೆ. ಮರುಕಪಟ್ಟು ನೀವು ಕೂಲರು ತಂದಿಟ್ಟಿರಿ. ಕೂಲರಿನದು ತೇವದ ಗಾಳಿ. ತಬಲಾ ಆ ಗಾಳಿಗೆ ಬಂದದ್ದೇ ಮೆತ್ತಗಾಗಿ ಸ್ವರ ಇಳಿಸಿತು. ಒಬ್ಬ ಹುಡುಗ ತಬಲಾವನ್ನು ಒಂದು ಮಾರು ಆಚೆ ಸರಿಸಿದ, ಮತ್ತೆ ಏರಿತು. ಮೂರನೆಯ ದಿನದಿಂದ ನಾವು ಸುತ್ತಿಗೆ ಮುಟ್ಟಲೇ ಇಲ್ಲ. ತಬಲಾವನ್ನು ಕೂಲರಿನ ಹತ್ತಿರ, ದೂರ ಸರಿಸಿಯೇ ಶ್ರುತಿ ಮಾಡತೊಡಗಿದೆವು. ಈ ವಿದ್ಯೆ ವಿಶಾರದ ಪಠ್ಯಕ್ರಮದಲ್ಲಿಲ್ಲ.

ಕಾಳಿದಾಸನ ಯಕ್ಷ ವನವಾಸ ಕಳೆದ ರಾಮಗಿರಿ ಇದೇ ರಾಮಟೇಕ ಎನ್ನುತ್ತಾರೆ. ಅವನಿಗೆ ಆಷಾಢದ ಮೊದಲ ದಿನ ಮೋಡ ಸಿಕ್ಕಿತು, ಹೆಂಡತಿಗೆ ಸುದ್ದಿ ಕಳಿಸಿದ. ಮೇ ತಿಂಗಳಲ್ಲಿ ಕೂತ ನನಗೆ ಮೇಲೆ ಮೋಡವೂ ಇರಲಿಲ್ಲ, ಫೋನಿನಲ್ಲಿ ಸಿಗ್ನಲ್ಲೂ ಇರಲಿಲ್ಲ.

ಇಂಧನ

ಜೋಳದ ಭಾಕರಿ, ಝುಣಕ. ಇದು ನಮ್ಮ ಕಡೆಯ ಇಂಧನವೂ ಹೌದು, ಉಪಕರಣ ಸದ್ದಿಲ್ಲದೆ ಓಡುತ್ತದೆ. ಬೆಳಗ್ಗೆ ತರ್ರಿ ಪೋಹೆ: ಮೆತ್ತನೆಯ ಅವಲಕ್ಕಿಯ ಮೇಲೆ ಕಡಲೆಕಾಳಿನ ಕೆಂಪು ರಸ ಸುರಿದದ್ದು, ಪರವಾಗಿಲ್ಲ. ಸಾವಜಿ ಮಸಾಲೆ ಮಾತ್ರ ಹಾಡುವ ದಿನ ಹಾಕಬೇಡಿ. ಹಾಕಿದರೆ ತಾರ ಸಪ್ತಕ ತಾನಾಗಿ ಬರುತ್ತದೆ, ಮಂದ್ರ ಎರಡು ದಿನ ಬರುವುದಿಲ್ಲ. ಮಾಸ್ತರ ನಾಗಪುರದ ಕಿತ್ತಳೆ ಕೇಳಿಯೇ ಕೇಳುತ್ತಾನೆ. ಒಂದು ಬೆಳೆ ಚಳಿಗಾಲದ ಮೊದಲಿಗೆ, ಇನ್ನೊಂದು ಮಾರ್ಚಿನ ಹೊತ್ತಿಗೆ ಮುಗಿದಿರುತ್ತದೆ ಎಂದು ತಿಳಿಸಿ ಹೇಳಿ, ಕಿತ್ತಳೆ ಬರ್ಫಿ ಕೈಗಿಟ್ಟು ಸುಮ್ಮನಾಗಿಸಿ.

ನಡೆಸುವ ಕ್ರಮ

ಬೆಳಗ್ಗೆ ಆರಕ್ಕೆ ಮಕ್ಕಳನ್ನು ಎದುರಿಗೆ ಕೂರಿಸಿದ ಕೂಡಲೆ ಮಾಸ್ತರ ಭೂಪ ರಾಗ ಶುರು ಮಾಡುತ್ತಾನೆ. ಐದೇ ಸ್ವರ, ಮಕ್ಕಳಿಗೆ ಸುಲಭ, ಪರೀಕ್ಷೆಗೆ ಮೊದಲು ಬರುವುದೂ ಅದೇ. ಭೂಪ ರಾತ್ರಿಯ ಮೊದಲ ಜಾವದ ರಾಗ. ಸೂರ್ಯ ಹುಟ್ಟುವಾಗ ಅದನ್ನು ಹಾಡಿಸಿ, ಅದೇ ಬಾಯಲ್ಲಿ ‘ರಾಗಕ್ಕೆ ಸಮಯವಿದೆ, ಸಮಯ ತಪ್ಪಬಾರದು’ ಎಂದು ಅವನು ಹೇಳುತ್ತಾನೆ. ಇದು ಉಪಕರಣದ ಸಾಮಾನ್ಯ ಸದ್ದು, ಗಾಬರಿಯಾಗಬೇಡಿ.

ಎರಡನೆಯ ದಿನ ಹನ್ನೆರಡು ಸ್ವರಗಳ ಪಾಠ. ರಿಷಭ, ಗಾಂಧಾರ, ಧೈವತ, ನಿಷಾದಗಳು ಕೋಮಲವಾಗಬಹುದು, ಮಧ್ಯಮ ತೀವ್ರವಾಗಬಹುದು, ಷಡ್ಜ, ಪಂಚಮ ಮಾತ್ರ ಅಲುಗಾಡಲಾರವು. ಹಿಂದಿನ ಸಾಲಿನಲ್ಲಿ ಕೂತ ಒಬ್ಬ ಹುಡುಗ, ಬೆಳಗ್ಗೆ ಮೇಕೆ ಬಿಟ್ಟು ಬರುವುದರಿಂದ ಯಾವಾಗಲೂ ತಡ, ಎದ್ದು ನಿಂತು ‘ಕಾಊನ್?’ ಅಂದ. ಈ ಸಲ ಆ ಮಾತು ನನಗೆ ಅರ್ಥವಾಗಿತ್ತು, ದುರ್ದೈವ. ಮೂವತ್ತು ವರ್ಷದಿಂದ ಹೇಳುತ್ತ ಬಂದ ಮಾತಿಗೆ ಯಾಕೆ ಎಂದು ನಾನು ಕೇಳಿಕೊಂಡಿರಲಿಲ್ಲ. ನನ್ನ ಗುರುಗಳನ್ನು ಕೇಳಿದ್ದರೆ ಬೆನ್ನಿಗೆ ಬೀಳುತ್ತಿತ್ತು. ನಾಳೆ ಹೇಳುತ್ತೇನೆ ಅಂದೆ. ಅವನು ಮರುದಿನವೂ ಕೇಳಿದ. ಕೊನೆಗೆ ತಂಬೂರಿಯ ಷಡ್ಜದ ಜೊತೆ ಪಂಚಮವನ್ನು ಚೂರು ತಪ್ಪಿಸಿ ಮೀಟಿ ತೋರಿಸಿದೆ. ಎರಡು ಸ್ವರ ಒಂದಕ್ಕೊಂದು ಉಜ್ಜಿ ‘ವಂವ್ ವಂವ್’ ಅಂದವು. ‘ಟ್ರಾಕ್ಟರ್’ ಅಂದ ಅವನು. ಸರಿಪಡಿಸಿದಾಗ ಟ್ರಾಕ್ಟರ್ ನಿಂತಿತು. ಅವನು ಕೂತ. ಅಷ್ಟು ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಪಾಠ ಅದೊಂದೇ ಇದ್ದೀತು, ಅದೂ ನನ್ನದಲ್ಲ.

ಸಾಮಾನ್ಯ ದೋಷಗಳು

ಮಾಸ್ತರ ಮೇಲಿಂದ ಮೇಲೆ ‘ನಮ್ಮ ಧಾರವಾಡದಲ್ಲಿ’ ಎನ್ನುತ್ತಿದ್ದಾನೆ: ಪನ್ಹೆ ಕಡಿಮೆಯಾಗಿದೆ, ಎರೆಯಿರಿ.

ಮಾಸ್ತರ ಪೇಟಿಯನ್ನೇ ಬೈಯುತ್ತಿದ್ದಾನೆ: ಹಳೆಯ ರೋಗ. ಪೇಟಿಯ ಗಾಂಧಾರ ತಂಬೂರಿಯೊಳಗಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ ಚೂರು ಮೇಲಿದೆ, ಪೇಟಿಯಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ ಎಂಬ ತಕರಾರು ದೊಡ್ಡವರದ್ದೂ ಹೌದು. 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಒಳಗೇ ಬಿಟ್ಟಿರಲಿಲ್ಲ. ಬೈದರೂ ಅವನು ಪೇಟಿ ಬಿಟ್ಟು ಹಾಡಲಾರ.

ಮೀಸೆ ಮೂಡುತ್ತಿರುವ ಹುಡುಗರು ಹಾಡುವಾಗ ದನಿ ಒಡೆಯುತ್ತಿದೆ, ಹುಡುಗಿಯರು ನಗುತ್ತಿದ್ದಾರೆ: ದೋಷ ಯಾರಲ್ಲೂ ಇಲ್ಲ. ಆ ಹುಡುಗರ ಕೈಗೆ ತಾಳ ಕೊಡಿ.

ಕಿವಿ ತೆರೆಯುವ ಕ್ರಮ

ಐದನೆಯ ಸಂಜೆ ಮಾಸ್ತರ ಪಾಠಕ್ಕೆ ಬಂದಾಗ ಶಾಲೆ ಖಾಲಿ ಇರಲಿ. ಮಕ್ಕಳೆಲ್ಲ ಗುಡಿಯ ಕಟ್ಟೆಗೆ ಹೋಗಿರಲಿ. ಅವನು ಸಿಟ್ಟಿನಿಂದ ಹುಡುಕಿಕೊಂಡು ಬರುತ್ತಾನೆ. ಬರಲಿ.

ನಾನು ಹೋದಾಗ ಮೊದಲ ದಿನ ‘ಕಾಊನ್’ ಕೇಳಿದ ಅದೇ ಕಾಕಾಜಿ ತಮ್ಮ ಖಂಜರಿಯನ್ನು ಕಲ್ಲುಕಟ್ಟೆಯ ಮೇಲೆ ಬೋರಲು ಹಾಕಿ ಸುಮ್ಮನೆ ಕೂತಿದ್ದರು. ಇಡೀ ದಿನ ಬಿಸಿಲು ಕುಡಿದ ಕಲ್ಲು ಅದು. ನನ್ನ ತಬಲಾವನ್ನು ಕಂಗೆಡಿಸಿದ ಶಾಖವನ್ನೇ ಅವರು ಸುತ್ತಿಗೆಯ ಹಾಗೆ ಬಳಸುತ್ತಿದ್ದರು. ಎರಡು ನಿಮಿಷ ಬಿಟ್ಟು ಎತ್ತಿ, ಬೆರಳಿನಿಂದೊಮ್ಮೆ ತಟ್ಟಿ, ತಲೆಯಾಡಿಸಿ ಹಾಡು ಎತ್ತಿಕೊಂಡರು. ನಮ್ಮ ಕಡೆಯ ದಮ್ಮಡಿ ಭಜನೆಗಿಂತ ಓಟ ಹೆಚ್ಚು, ದನಿ ಒಂದೇ ಜಿಗಿತಕ್ಕೆ ಮೇಲಕ್ಕೆ. ಭೂಪದ ಐದು ಸ್ವರಕ್ಕೆ ತಡವರಿಸುತ್ತಿದ್ದ ನನ್ನ ಶಿಷ್ಯರೆಲ್ಲ ಕಣ್ಣುಮುಚ್ಚಿ ಹಿಂದೆ ಹಾಡುತ್ತಿದ್ದರು, ತಾಳ ಒಂದು ಕಡೆಯೂ ಜಾರದೆ. ಮೇಕೆ ಹುಡುಗ ಇನ್ನೊಂದು ಖಂಜರಿ ಬಾರಿಸುತ್ತಿದ್ದ. ಐದು ದಿನದಿಂದ ಅವನ ಲಯ ಕಚ್ಚಾ ಎಂದು ನನ್ನ ಹಾಜರಿ ಪುಸ್ತಕದಲ್ಲಿ ಬರೆದಿದ್ದೆ.

ವಿದರ್ಭದಲ್ಲಿ ಇದು ತುಕಡೋಜಿ ಮಹಾರಾಜರು ಊರೂರಿಗೆ ಮುಟ್ಟಿಸಿದ ಪದ್ಧತಿ. ಅಮರಾವತಿ ಜಿಲ್ಲೆಯ ಯಾವಲಿಯಲ್ಲಿ 1909ರಲ್ಲಿ ಹುಟ್ಟಿದ ಅವರು ಖಂಜರಿಯೊಂದನ್ನೇ ಹಿಡಿದು ಹಳ್ಳಿಗಳಲ್ಲಿ ಹಾಡಿದರು. 1955ರಲ್ಲಿ ಜಪಾನಿನ ಧರ್ಮ ಸಮ್ಮೇಳನಕ್ಕೂ ಅದೇ ಖಂಜರಿ ಹೋಯಿತು. ನಾಗಪುರ ವಿಶ್ವವಿದ್ಯಾಲಯಕ್ಕೆ ಈಗ ಅವರ ಹೆಸರು. ಇದೆಲ್ಲ ನನಗೆ ಓದಿ ಗೊತ್ತಿತ್ತು. ಗೊತ್ತಿದ್ದೂ ನಾನು ಪೇಟಿ ಹೊತ್ತು, ಸಂಗೀತವಿಲ್ಲದ ಊರಿಗೆ ಸಂಗೀತ ಒಯ್ಯುವವನ ಹಾಗೆ ಬಂದಿದ್ದೆ.

ನಮ್ಮದೇ ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ, ಕುಮಾರ ಗಂಧರ್ವ, 1948ರಲ್ಲಿ ಮಾಳವದ ದೇವಾಸಕ್ಕೆ ಹೋದರು. ಕ್ಷಯ ಹಿಡಿದಿತ್ತು. ಹಾಡಕೂಡದೆಂದು ವೈದ್ಯರು ಕಟ್ಟು ಮಾಡಿದ್ದರಿಂದ ವರ್ಷಗಟ್ಟಲೆ ಹಾಸಿಗೆಯಲ್ಲಿ ಮಲಗಿ ಬರೀ ಕೇಳಿದರು: ಹಾದಿಯಲ್ಲಿ ಹೋಗುವ ಹೆಂಗಸರ ಹಾಡು, ಬೈರಾಗಿಗಳ ಪದ. ಎದ್ದ ಮೇಲೆ ಅವರು ಹಾಡಿದ್ದರಲ್ಲಿ ಮಾಳವದ ಮಣ್ಣಿತ್ತು. ಪರನಾಡಿಗೆ ಹೋದ ಕನ್ನಡದ ಹಾಡುಗಾರರಿಗೆಲ್ಲ ಮೊದಲ ಆರು ತಿಂಗಳು ಬಾಯಿಗೆ ಬೀಗ ಹಾಕುವ ಕಾನೂನು ತರಬೇಕೆಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ನನ್ನ ಶಿಬಿರವೋ ಹತ್ತೇ ದಿನದ್ದು. ಗದುಗಿನ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು ಜೊತೆಗೆ ಕಟ್ಟಿಕೊಂಡು ಊರಿಂದೂರಿಗೆ ಪಾಠಶಾಲೆಯನ್ನೇ ನಡೆಸಿಕೊಂಡು ಹೋಗುತ್ತಿದ್ದರು. ಶಿಷ್ಯರೂ ಗುರುವೂ ಒಟ್ಟಿಗೇ ಪರಸ್ಥಳದವರು. ನಾವು ಹೋಗುತ್ತೇವೆ, ಬರುತ್ತೇವೆ, ನಡುವೆ ಫೋಟೋ ತೆಗೆಸಿಕೊಳ್ಳುತ್ತೇವೆ.

ವಿಶೇಷ ಸೂಚನೆ: ಬಿಳಿ ಐದರ ವಿಷಯ

ಮುಂದಿನ ಸಾಲಿನಲ್ಲಿ ಕೂರುವ ಹನ್ನೊಂದರ ಹುಡುಗಿಯ ಸ್ವರ ಚೂರು ಏರುತ್ತದೆ ಎಂದು ಮಾಸ್ತರ ದೂರುತ್ತಾನೆ. ಮಕ್ಕಳ ಗಂಟಲಿಗೆ ಹೊಂದಲೆಂದು ನಾನು ಪೇಟಿಯಲ್ಲಿ ಬಿಳಿ ಐದನ್ನು, ಅಂದರೆ ಐದನೆಯ ಬಿಳಿ ಪಟ್ಟಿಯನ್ನು, ಷಡ್ಜ ಮಾಡಿದ್ದೆ. ಅವಳ ಷಡ್ಜ ಪ್ರತಿ ಸಲವೂ ಅದಕ್ಕಿಂತ ಒಂದು ಎಳೆ ಮೇಲೆ ನಿಲ್ಲುತ್ತಿತ್ತು. ತಿದ್ದಿದೆ. ಗದರಿದೆ. ನನ್ನ ಮುಖ ನೋಡಿ ಇಳಿಸುತ್ತಿದ್ದಳು, ನಾನು ಅತ್ತ ತಿರುಗಿದರೆ ಮತ್ತೆ ಅಲ್ಲಿಗೇ. ವಿಚಿತ್ರವೆಂದರೆ ಪೇಟಿ ಮುಚ್ಚಿಟ್ಟಾಗಲೂ, ಬೆಳಗ್ಗೆ ಬಂದ ಕೂಡಲೂ, ಅವಳ ಬಾಯಲ್ಲಿ ಅದೇ ಷಡ್ಜ. ಎಂಟನೆಯ ದಿನ ಕೇಳಿದೆ, ಎಲ್ಲಿಂದ ತೆಗೆಯುತ್ತೀಯವ್ವ ಇದನ್ನು? ಅವಳು ಕಿಟಕಿಯಾಚೆ ಬೆರಳು ತೋರಿಸಿದಳು. ‘ಡೀಪಿ’ ಅಂದಳು.

ಶಾಲೆಯ ಗೋಡೆಗೆ ಹತ್ತಿಕೊಂಡೇ ಟ್ರಾನ್ಸ್‌ಫಾರ್ಮರ್ ಕಂಬವಿದೆ. ಅದಕ್ಕೆ ನಿಮ್ಮಲ್ಲಿ ಡೀಪಿ ಎನ್ನುತ್ತೀರಿ, ನಮ್ಮಲ್ಲಿ ಟೀಸಿ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಅದರ ಇಮ್ಮಡಿ, ಅಂದರೆ 100 ಸಲ ಅದುರಿ ಗುಂಯ್‌ಗುಡುತ್ತದೆ. ಪೇಟಿಯ ಮಂದ್ರದ ಬಿಳಿ ಐದು ಅದುರುವುದು ಸೆಕೆಂಡಿಗೆ 98 ಸಲ. ಎರಡರ ಅಂತರ ಅರ್ಧ ಸ್ವರದ ಮೂರನೆಯ ಒಂದು ಪಾಲು, ನಾನು ಎಂಟು ದಿನದಿಂದ ಗದರುತ್ತಿದ್ದಷ್ಟೇ. ಹುಡುಗಿ ಹುಟ್ಟಿದಾಗಿನಿಂದ ಕೇಳಿದ ತಂಬೂರಿ ಅದು. ತಂತಿ ಹರಿಯುವುದಿಲ್ಲ, ಬಿಸಿಲಿಗೆ ಇಳಿಯುವುದಿಲ್ಲ. ಮಧ್ಯಾಹ್ನ ತಬಲಾವನ್ನು ಕೂಲರಿನಿಂದ ದೂರ ಇಟ್ಟು ನೋಡಿದೆ: ಅದೂ ಏರಿ ಡೀಪಿಗೇ ಹೋಗಿ ಕೂತಿತ್ತು. ಹುಡುಗಿ, ತಬಲಾ, ಡೀಪಿ ಒಂದು ಕಡೆ. ನಾನೂ ಪೇಟಿಯೂ ಒಂದು ಕಡೆ. ಕೊನೆಯ ಎರಡು ದಿನ ಪೇಟಿ ಮುಚ್ಚಿಟ್ಟು ಡೀಪಿಗೇ ಹಾಡಿದೆವು. ಕರೆಂಟು ಹೋದಾಗ ಮಕ್ಕಳು ‘ಗುರುಜಿ, ಸಾ ಗೇಲಾ’ ಎಂದು ಕೂಗುತ್ತಿದ್ದರು, ಷಡ್ಜ ಹೋಯಿತು ಎಂದು.

ಬೆಲೆ ಮತ್ತು ವಾರಂಟಿ

ಈ ಉಪಕರಣ ಪುಕ್ಕಟೆ ಎಂಬುದು ತಯಾರಕರ ಹೇಳಿಕೆ. ಹೊರಡುವ ಹಿಂದಿನ ರಾತ್ರಿ ಲೆಕ್ಕ ಹಾಕಿದೆ. ಹತ್ತು ದಿನ, ಸರದಿಯಂತೆ ಹತ್ತು ಮನೆಯ ಊಟ. ಹತ್ತು ಮನೆಯವರೂ ಮಾಸ್ತರನಿಗೆಂದು ತುಪ್ಪ ತೆಗೆದಿದ್ದರು. ಕೂಲರು ಸರಪಂಚರ ಮನೆಯದು. ಅದನ್ನು ಶಾಲೆಗೆ ತಂದದ್ದರಿಂದ ಅವರ ಮುದಿ ತಾಯಿ ಹತ್ತು ರಾತ್ರಿ ಅಂಗಳದ ಬೇವಿನ ಗಿಡದ ಕೆಳಗೆ ಮಲಗಿದ್ದರೆಂದು ನನಗೆ ತಿಳಿದದ್ದು ಅವತ್ತೇ. ಅವರನ್ನು ನೋಡಿ ಕ್ಷಮೆ ಕೇಳಲು ಹೋದೆ. ಗಾಳಿ ಚೆನ್ನಾಗಿತ್ತು ಬಾ ಕೂತುಕೋ ಎಂದು ಬೆಲ್ಲ ನೀರು ಕೊಟ್ಟರು, ಅದೂ ಬಾಕಿಗೆ ಸೇರಿತು. ವಾರಂಟಿ ಇಲ್ಲ.

ಮರಳಿಸುವುದು

ಬಂದ ಪೆಟ್ಟಿಗೆಯಲ್ಲೇ ಹಿಂತಿರುಗಿಸಿ. ಹೆಚ್ಚುವರಿ ಸಾಮಾನು ತುರುಕಬೇಡಿ ಎಂದು ಬರೆಯಬೇಕಿತ್ತು, ನೀವು ಆಗಲೇ ತುರುಕಿಯಾಗಿತ್ತು: ಹುರಿದ ಜೋಳ, ಕಿತ್ತಳೆ ಬರ್ಫಿ ಎರಡು ಡಬ್ಬಿ, ಪೇಟಿಯ ಪಕ್ಕದ ಸಂದಿನಲ್ಲಿ ಒಂದು ಹಳೆಯ ಖಂಜರಿ.

ಧಾರವಾಡಕ್ಕೆ ಬಂದ ಮರುದಿನ ನಸುಕಿನಲ್ಲಿ ರಿಯಾಜಿಗೆ ಕೂತೆ. ತಂಬೂರಿಯ ದುಪ್ಪಟಿ ಬಿಚ್ಚಿ ಕಿವಿ ತಿರುವುತ್ತಿದ್ದೆ. ಕಿಟಕಿಯ ಹೊರಗಿನಿಂದ ಬಿಳಿ ಐದು, ಒಂದು ಎಳೆ ಮೇಲೆ, ಸಣ್ಣಗೆ ಬರುತ್ತಿತ್ತು. ಎದ್ದು ಹೋಗಿ ನೋಡಿದೆ. ನಮ್ಮ ಓಣಿಯ ಟೀಸಿ. ಆ ಮನೆಗೆ ಬಂದು ಹತ್ತೊಂಬತ್ತು ವರ್ಷವಾಯಿತು.